ಮೂವತ್ತಾರನೆಯ ಮಗು

ಭಾನುವಾರ, ಹದಿನಾಲ್ಕನೇ ತಾರೀಖು
ಬೆಳಿಗ್ಗೆ

ಚಿರಂಜೀವಿ ಸೊಸೆಗೆ ಅತ್ತೆಯ ಆಶೀರ್ವಾದಗಳು.

ನೀನು ಬರೆದ ಮೂರು ಪತ್ರಗಳೂ ನನ್ನ ಕೈ ಸೇರಿವೆ. ಮೊದಲನೆಯದಕ್ಕೆ ‘ನಿನ್ನ ಮಗಳು ಚೆನ್ನಾಗಿದ್ದಾಳೆ’ ಎಂದು ಒಂದೇ ಸಾಲು ಬರೆದೆ. ಉಳಿದೆರಡಕ್ಕೆ ಅದೂ ಇಲ್ಲ. ಎಂಟು ತಿಂಗಳಾಯಿತು. ಕೆಲಸವಿತ್ತು, ಮೈಗೆ ಹುಷಾರಿರಲಿಲ್ಲ ಎಂದು ಬರೆಯಬಹುದಿತ್ತು. ನೀನು ನಂಬುವವಳಲ್ಲ, ನಾನೂ ಅಂಥ ನೆಪ ಹೇಳುವವಳಲ್ಲ. ಬರೆಯಲು ಮನಸ್ಸಿರಲಿಲ್ಲ, ಅಷ್ಟೆ. ತಡವಾದದ್ದಕ್ಕೆ ಕ್ಷಮೆ ಇರಲಿ. ಈ ಮಾತು ನನ್ನ ಬಾಯಲ್ಲಿ ನೀನು ಕೇಳಿದವಳಲ್ಲ, ಬೇಕಾದರೆ ಇನ್ನೊಂದು ಸಲ ಓದಿಕೋ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರುಮಾಡುವುದು ನನ್ನ ರೂಢಿ. ಇವತ್ತು ಆ ಸಾಲಿಗೆ ಕೈ ಬರಲಿಲ್ಲ. ಗಾಬರಿಯಾಗಬೇಡ. ನಿನ್ನ ಬಟಾಣಿಯ ಕೈಕಾಲು ನೆಟ್ಟಗಿವೆ, ಊಟ ಮಾಡುತ್ತಿದ್ದಾಳೆ. ಆದರೆ ಅವಳು ನಮ್ಮ ಮನೆಯಲ್ಲಿಲ್ಲ. ಸರ್ಕಾರದ ಬಾಲಮಂದಿರದಲ್ಲಿದ್ದಾಳೆ. ಹೌದು, ಸರಿಯಾಗಿಯೇ ಓದಿದೆ. ಮೂವತ್ತು ವರ್ಷ ದಿಕ್ಕಿಲ್ಲದ ಮಕ್ಕಳ ಸಂಸ್ಥೆ ನಡೆಸಿದವಳ ಮೊಮ್ಮಗಳು ಹನ್ನೆರಡು ದಿನದಿಂದ ಸರ್ಕಾರದ ಕಬ್ಬಿಣದ ಮಂಚದ ಮೇಲೆ ಮಲಗುತ್ತಿದ್ದಾಳೆ. ಬರೆಯುತ್ತಿರುವಾಗಲೂ ನನಗೆ ಇದು ಇನ್ಯಾರದೋ ಮನೆಯ ಸುದ್ದಿ ಎನ್ನಿಸುತ್ತಿದೆ.

ಫೋನ್ ಮಾಡಬಹುದಿತ್ತು. ಎರಡು ಸಲ ನಿನ್ನ ನಂಬರು ಒತ್ತಿದೆ, ಎರಡು ಸಲವೂ ರಿಂಗಾಗುವ ಮೊದಲೇ ಇಟ್ಟೆ. ನಿನ್ನ ದನಿ ಕೇಳಿದರೆ ನನ್ನ ದನಿ ತಾನಾಗಿ ಏರುತ್ತದೆ. ಅದು ನಿನಗೂ ಗೊತ್ತು. ಕಾಗದದ ಮೇಲಾದರೆ ನಾನು ಏರಿದ್ದು ಯಾರಿಗೂ ಕೇಳಿಸುವುದಿಲ್ಲ. ಅವಳನ್ನು ಅಲ್ಲಿಗೆ ಕರೆದೊಯ್ದ ಅಧಿಕಾರಿಗೆ ನಿನ್ನ ವಿಳಾಸ ಕೊಟ್ಟಿದ್ದೇನೆ. ಸರ್ಕಾರದ ಕಾಗದ ತನ್ನ ನಡಿಗೆಯಲ್ಲಿ ಬರುತ್ತದೆ. ನನ್ನದು ಮೊದಲು ತಲುಪಲಿ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮ ಸಂಸ್ಥೆಯ ತಪಾಸಣೆಯನ್ನು ನೀನು ಒಂದೇ ಸಲ ನೋಡಿದ್ದು, ಅದೂ ಅಡುಗೆಮನೆಯ ಕಿಟಕಿಯಿಂದ. ಅಂಗಳದಲ್ಲಿ ಆರು ಸಾಲು, ಸಾಲಿಗೆ ಆರು ಮಕ್ಕಳು. ಒಗೆದು ಇಸ್ತ್ರಿ ಮಾಡಿದ ಬಟ್ಟೆ, ಎಣ್ಣೆ ಹಾಕಿ ಬಾಚಿದ ತಲೆ. ಹಳೆಯ ಅಧಿಕಾರಿ ಪೆನ್ಸಿಲನ್ನು ಗಾಳಿಯಲ್ಲಿ ಕುಟ್ಟುತ್ತ ತಲೆ ಎಣಿಸುತ್ತಿದ್ದರು, ಒಂದು ಮಗುವಿನ ಕೆನ್ನೆ ಚಿವುಟುತ್ತಿದ್ದರು, ಚಹಾ ಕುಡಿದು ಸಹಿ ಹಾಕುತ್ತಿದ್ದರು. ಅರ್ಧ ಗಂಟೆಯ ಕೆಲಸ. ಹೋಗುವಾಗ ನಮ್ಮ ಸಾಲುಗಳನ್ನು ಹೊಗಳದೆ ಹೋದವರಲ್ಲ. ಸುತ್ತಮುತ್ತ ಇಷ್ಟು ನೇರ ಸಾಲು ಇನ್ನೆಲ್ಲೂ ಕಾಣಲಿಲ್ಲ ಅಮ್ಮಾ ಎನ್ನುತ್ತಿದ್ದರು.

ನಿನಗೆ ಗೊತ್ತಿಲ್ಲದ ಒಂದು ವಿಷಯವಿದೆ. ಮಕ್ಕಳ ಸಂಖ್ಯೆ ಮೂವತ್ತೈದಕ್ಕಿಂತ ಕಡಿಮೆಯಾದರೆ ಸರ್ಕಾರ ನಮ್ಮ ಸಂಸ್ಥೆಯನ್ನು ಇನ್ನೊಂದರ ಜೊತೆ ಸೇರಿಸಿಬಿಡುತ್ತದೆ. ಮಕ್ಕಳನ್ನು ಅಲ್ಲಿ ನಾಲ್ವರು ಇಲ್ಲಿ ಐವರು ಎಂದು ಹಂಚುತ್ತಾರೆ. ಈಗಿನ ಕಾಲದಲ್ಲಿ ಚಿಕ್ಕಮ್ಮನೋ ಮಾವನೋ ಬಂದು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ, ಸಂಖ್ಯೆ ಇಳಿಯುತ್ತದೆ. ಹೋದವರ ಹೆಸರನ್ನು ನಾವು ತೆಗೆಯುತ್ತಿರಲಿಲ್ಲ. ತಪಾಸಣೆಯ ದಿನ ಆ ಹೆಸರುಗಳಿಗೆ ಮಕ್ಕಳನ್ನು ಕೈಗಡ ತರುತ್ತಿದ್ದೆವು. ನಮ್ಮ ಆಡಳಿತ ಸಮಿತಿಯ ಹೆಂಗಸರು ತಮ್ಮ ಮೊಮ್ಮಕ್ಕಳನ್ನು ಕಳಿಸುತ್ತಿದ್ದರು, ಸಂಜೆ ಬಿಸ್ಕತ್ತು ಕೊಟ್ಟು ವಾಪಸು ಕಳಿಸುತ್ತಿದ್ದೆವು. ನಮ್ಮ ಮೇಲ್ವಿಚಾರಕಿ ಅವರನ್ನು ಕೈಗಡದ ಮಕ್ಕಳು ಎಂದೇ ಕರೆಯುವುದು. ನಾವು ನಗುತ್ತಿದ್ದೆವು. ಇದು ತಪ್ಪು ಎಂದು ಯಾರಿಗೂ ಅನ್ನಿಸಿರಲಿಲ್ಲ. ಇರುವ ಮಕ್ಕಳು ಚೆದುರದಿರಲಿ ಎಂದು ತಾನೇ ಮಾಡುತ್ತಿದ್ದುದು?

ಈ ಸಲ ನಿಜವಾಗಿ ಇದ್ದವರು ಮೂವತ್ತೊಂದು. ನಾಲ್ವರನ್ನು ಕೈಗಡ ತಂದಾಗ ಮೂವತ್ತೈದಾಯಿತು. ಅಷ್ಟು ಸಾಕಿತ್ತು. ಸರ್ಕಾರಕ್ಕೆ ಸಾಕಿತ್ತು, ನನಗೆ ಸಾಕಾಗಲಿಲ್ಲ. ಕೊನೆಯ ಸಾಲಿನಲ್ಲಿ ಒಂದು ಜಾಗ ಖಾಲಿ ಉಳಿಯುತ್ತಿತ್ತು. ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ ಎಂದು ಬಟಾಣಿಯನ್ನು ನಿಲ್ಲಿಸಿದೆ. ಸಾಲು ತುಂಬಲಿ ಎಂದು.

ಹಿಂದಿನ ದಿನ ಅವಳನ್ನು ಕೂರಿಸಿಕೊಂಡು ಹೇಳಿಕೊಟ್ಟೆ. ಹೋದ ವರ್ಷ ಚಿಕ್ಕಮ್ಮನ ಜೊತೆ ಹೊರಟುಹೋದ ಒಬ್ಬ ಹುಡುಗಿಯ ಹೆಸರು ಬಾಯಿಪಾಠ ಮಾಡಿಸಿದೆ. ಅಪ್ಪ ಇದ್ದಾರಾ ಎಂದರೆ ಇಲ್ಲ ಅನ್ನಬೇಕು, ಅಮ್ಮ ಇದ್ದಾರಾ ಎಂದರೆ ಇಲ್ಲ ಅನ್ನಬೇಕು, ಊಟ ಚೆನ್ನಾಗಿದೆ, ಯಾರೂ ಹೊಡೆಯುವುದಿಲ್ಲ. ಅಪ್ಪ ಇಲ್ಲ ಎನ್ನುವುದನ್ನು ಮೊದಲ ಸಲಕ್ಕೇ ಹೇಳಿಬಿಟ್ಟಳು. ‘ಅಮ್ಮ ಇಲ್ಲ’ ಎನ್ನುವ ಮಾತಿಗೆ ಬಂದಾಗ ತಡೆದಳು.

“ಅಮ್ಮ ಇಲ್ಲ ಅಂತ ನಾನು ಹೇಳಿದ್ರೆ ಅಮ್ಮಂಗೆ ಏನೂ ಆಗಲ್ಲ ಅಲ್ವಾ ಅಜ್ಜಿ?”

ಏನೂ ಆಗುವುದಿಲ್ಲ, ಬೆನ್ನು ನೆಟ್ಟಗೆ ಮಾಡಿ ನಿಂತುಕೋ ಎಂದೆ.

ಮಂಗಳವಾರ ಬಂದದ್ದು ಹಳೆಯ ಅಧಿಕಾರಿಯಲ್ಲ. ಅವರು ನಿವೃತ್ತರಾದರಂತೆ. ಬಂದವಳು ನಿನ್ನ ವಯಸ್ಸಿನ ಹುಡುಗಿ, ತನ್ನದೇ ಸ್ಕೂಟರಿನಲ್ಲಿ ಬಂದಳು, ಹೆಗಲಲ್ಲಿ ಬಟ್ಟೆಯ ಚೀಲ. ಇವಳೇ ಅಧಿಕಾರಿ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಸಾಲುಗಳ ಕಡೆ ಕಣ್ಣೆತ್ತಿ ನೋಡಲಿಲ್ಲ. ಬಿಸಿಲಲ್ಲಿ ಯಾಕೆ ನಿಲ್ಲಿಸಿದ್ದೀರಿ, ಆಟಕ್ಕೆ ಬಿಡಿ ಎಂದಳು. ಚಹಾ ಬೇಡವೆಂದಳು. ನಿಯಮ ಬದಲಾಗಿದೆ, ಒಂದೊಂದೇ ಮಗುವನ್ನು ಬಾಗಿಲು ಮುಚ್ಚಿ ಮಾತನಾಡಿಸಬೇಕು, ಸಂಸ್ಥೆಯವರು ಯಾರೂ ಮಾತು ಕೇಳಿಸುವಷ್ಟು ಹತ್ತಿರ ಇರಬಾರದು ಎಂದು ಕಾಗದ ತೋರಿಸಿದಳು. ಹೊಲಿಗೆ ಕೋಣೆ ಬಿಡಿಸಿಕೊಟ್ಟೆ. ಆ ಬಾಗಿಲ ಪಕ್ಕದಲ್ಲಿ ನನ್ನ ಕುರ್ಚಿ ಹಾಕಿಕೊಂಡು ಕುಳಿತೆ. ಅವಳು ಹೊರಗೆ ಬಂದು, ಏಳಿ ಅಮ್ಮಾ ಎಂದು ಮರ್ಯಾದೆಯಿಂದಲೇ ಎಬ್ಬಿಸಿ, ಆ ಕುರ್ಚಿಯನ್ನು ತಾನೇ ಎತ್ತಿಕೊಂಡು ಹೋಗಿ ಜಗಲಿಯ ಆ ತುದಿಯಲ್ಲಿ ಇಟ್ಟು ಬಂದಳು. ಮೂವತ್ತು ವರ್ಷದಲ್ಲಿ ನನ್ನ ಕುರ್ಚಿಯನ್ನು ಯಾರೂ ಮುಟ್ಟಿರಲಿಲ್ಲ. ಮೇಲ್ವಿಚಾರಕಿ ನನ್ನ ಮುಖ ನೋಡಿದಳು. ನಾನು ಹೋಗಿ ಅಲ್ಲಿಯೇ ಕುಳಿತೆ. ಇನ್ನೇನು ಮಾಡಲಿ?

ಕೈಗಡದ ಮಕ್ಕಳ ಗುಟ್ಟು ಮೊದಲ ಗಂಟೆಯಲ್ಲೇ ರಟ್ಟಾಗಿತ್ತೆಂದು ಆಮೇಲೆ ತಿಳಿಯಿತು. ನಿನಗೆ ಏನಾದರೂ ಬೇಕಾ ಮಗು ಎಂದು ಕೇಳಿದ್ದಕ್ಕೆ ನಮ್ಮ ಕಾರ್ಯದರ್ಶಿಯ ಮೊಮ್ಮಗಳು, ನಮ್ಮ ಡ್ರೈವರ್ ಅಂಕಲ್ ಎಷ್ಟು ಹೊತ್ತಿಗೆ ಬರ್ತಾರೆ ಎಂದು ಕೇಳಿದಳಂತೆ. ಬೇರೆ ದಿನವಾಗಿದ್ದರೆ ನೀನೂ ನಾನೂ ಕೂತು ನಗಬಹುದಿತ್ತು.

ಬೇರೆ ಮಕ್ಕಳು ಐದು ನಿಮಿಷ, ಹತ್ತು ನಿಮಿಷದಲ್ಲಿ ಹೊರಗೆ ಬಂದರು. ಬಟಾಣಿ ಒಳಗೆ ಹೋಗಿ ಮುಕ್ಕಾಲು ಗಂಟೆಯಾಯಿತು. ಹೆಸರು ಮರೆತಿರಬೇಕು, ಅಳುತ್ತಿರಬೇಕು ಎಂದುಕೊಂಡೆ. ಕೊನೆಗೆ ಬಂದಳು. ಅಳುತ್ತಿರಲಿಲ್ಲ. ನನ್ನ ಕಡೆ ನೋಡದೆ ನೇರವಾಗಿ ಉಯ್ಯಾಲೆಗೆ ಹೋಗಿ ಕುಳಿತಳು.

ಮೂರು ಗಂಟೆಗೆ ಅಧಿಕಾರಿ ನನ್ನನ್ನು ಕರೆದಳು. ಎದುರಿಗೆ ಆ ಹೊರಟುಹೋದ ಹುಡುಗಿಯ ಫೈಲು ಬಿಚ್ಚಿತ್ತು.

“ಈ ಮಗುವಿಗೆ ಅಪ್ಪ ಇಲ್ಲ, ಅಮ್ಮ ಇಲ್ಲ. ಸರಿ ತಾನೇ ಅಮ್ಮಾ?”

“ಸರಿ.”

“ಹಾಗಾದ್ರೆ ಇವಳಿಗೆ ಬೆಲ್ಟಲ್ಲಿ ಹೊಡೆಯೋ ಅಪ್ಪ ಯಾರು?”

ನನಗೆ ಮಾತು ಅರ್ಥವಾಗಲಿಲ್ಲ. ನಿಜವಾಗಿ ಅರ್ಥವಾಗಲಿಲ್ಲ. ಯಾವ ಮಗುವಿನ ಮಾತು ಹೇಳುತ್ತಿದ್ದಾಳೆ, ಫೈಲು ಅದಲುಬದಲಾಗಿದೆ ಎಂದುಕೊಂಡೆ. ಅವಳು ತನ್ನ ಕಾಗದ ನೋಡಿ ನಿಧಾನವಾಗಿ ಹೇಳಿದಳು. ಬಟಾಣಿ ನಾನು ಹೇಳಿಕೊಟ್ಟದ್ದನ್ನೆಲ್ಲ ಒಂದಕ್ಷರ ತಪ್ಪದೆ ಒಪ್ಪಿಸಿದ್ದಳು. ಹೆಸರು ಸರಿ, ಅಪ್ಪ ಇಲ್ಲ, ಅಮ್ಮ ಇಲ್ಲ, ಊಟ ಚೆನ್ನಾಗಿದೆ. ಇಲ್ಲಿರುವುದು ನಿನಗೆ ಇಷ್ಟವಾ ಎಂದು ಕೇಳಿದಾಗ, ಇವತ್ತು ನಾನು ಮನೆಗೆ ಹೋಗದೇ ಇದ್ದರೆ ಆಗುತ್ತದಾ ಎಂದಳಂತೆ. ಯಾಕೆಂದು ಕೇಳಿದ್ದಕ್ಕೆ ಅಪ್ಪನ ಬೆಲ್ಟಿನ ಮಾತು ಬಂತಂತೆ. ಆಮೇಲೆ ಇನ್ನೊಂದು ಮಾತು. ಅದನ್ನು ಅಧಿಕಾರಿ ಮಗು ಆಡಿದ ಹಾಗೆಯೇ ಬರೆದುಕೊಂಡಿದ್ದಳು.

“ಈ ಹೆಸರಿನ ಹುಡುಗಿಗೆ ಅಪ್ಪ ಇಲ್ಲ ಅಲ್ವಾ. ಇದನ್ನೇ ನಾನು ಇಟ್ಕೋಬಹುದಾ?”

ನಾನು ಏನು ಮಾಡಿದೆ ಎಂದು ಕೇಳು. ಆ ಮಗುವಿಗೆ ಕಥೆ ಕಟ್ಟುವ ಅಭ್ಯಾಸ ಎಂದೆ. ತಾಯಿ ಬಿಟ್ಟುಹೋದ ಮೇಲೆ ಹೀಗಾಗಿದೆ ಎಂದೆ. ನಿನ್ನನ್ನು ಎಳೆದು ತಂದೆ, ಎಂಟು ತಿಂಗಳು ನಿನಗೆ ಒಂದು ಸಾಲು ಬರೆಯದವಳು. ಹಾಗಾದರೆ ಬರೆದುಕೊಡಿ ಎಂದಳು. ಮೂರು ಸಾಲು ಬರೆದು ಸಹಿ ಹಾಕಿದೆ. ನನ್ನ ಅಕ್ಷರ ನಿನಗೆ ಗೊತ್ತಲ್ಲ, ಒಂದೂ ಡೊಂಕಾಗಿರಲಿಲ್ಲ.

ಅವಳು ಕಾಗದ ತೆಗೆದುಕೊಂಡು ಓದಿ, ಪಕ್ಕಕ್ಕಿಟ್ಟಳು. ಬಾಗಿಲಿಗೆ ಹೋಗಿ ಬಟಾಣಿಯನ್ನು ಕರೆದಳು.

“ಬೆನ್ನು ಕಥೆ ಕಟ್ಟಲ್ಲ ಅಮ್ಮಾ,” ಅಂದಳು.

ಬಟಾಣಿ ತಾನೇ ತಿರುಗಿ ನಿಂತು ಅಂಗಿ ಎತ್ತಿದಳು, ಡಾಕ್ಟರ ಹತ್ತಿರ ತೋರಿಸುವ ಹಾಗೆ. ನಿನಗೆ ಅದನ್ನು ಬಣ್ಣಿಸಿ ಹೇಳುವುದಿಲ್ಲ. ಹಳೆಯವು ಇದ್ದವು, ಹೊಸವೂ ಇದ್ದವು. ಒಂದು ಕಡೆ ಬೆಲ್ಟಿನ ಕೊಂಡಿ ಅಚ್ಚು ಒತ್ತಿದ ಹಾಗೆ ಮೂಡಿತ್ತು. ನೀನು ಹೋದ ಮೇಲೆ ಅವಳು ತಾನೇ ಸ್ನಾನ ಮಾಡಲು ಕಲಿತಳು. ಬಾಗಿಲು ಹಾಕಿಕೊಂಡು, ನನ್ನನ್ನು ಕರೆಯದೆ. ನೋಡಿ ಕಲಿಯಿರಿ ಎಂದು ಸಂಸ್ಥೆಯ ಮಕ್ಕಳೆದುರು ಅವಳನ್ನು ಹೊಗಳಿದ್ದೆ.

ಅಲ್ಲಿಂದಲೇ ಅವಳನ್ನು ಬಾಲಮಂದಿರಕ್ಕೆ ಕರೆದುಕೊಂಡು ಹೋದರು. ಅವಳ ಪುಸ್ತಕದ ಚೀಲ ಕೊಡಲೇ ಎಂದು ಕೇಳಿದೆ.

ಸಂಜೆ ನಿನ್ನ ಗಂಡ ಬಂದ. ನನ್ನ ಮಗ ಎಂದು ಬರೆಯಬೇಕು, ತಪ್ಪಿಸಿಕೊಳ್ಳುವುದು ಬೇಡ. ಕೂಗಾಡುತ್ತಾನೆ, ಇಲ್ಲ ಕಾಲಿಗೆ ಬೀಳುತ್ತಾನೆ, ಎರಡರಲ್ಲಿ ಒಂದು ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಕೈ ತೊಳೆದು ಊಟಕ್ಕೆ ಕುಳಿತ. ಶಿಸ್ತು ಕಲಿಸಿದ್ದಕ್ಕೆ ಇಷ್ಟೊಂದು ರಾಮಾಯಣವಾ ಎಂದ. ನೀನು ಬೆಳೆಸಿದ್ದೂ ಹೀಗೇ ತಾನೇ ಎಂದ. ಸುಳ್ಳು, ನಾನು ಅವನ ಮೇಲೆ ಬೆಲ್ಟು ಎತ್ತಿದವಳಲ್ಲ. ಆದರೆ ಸುಳ್ಳು ಎಂದು ಆ ಹೊತ್ತಿನಲ್ಲಿ ಹೇಳಲಾಗಲಿಲ್ಲ. ಬಡಿಸಿದೆ.

“ಮಗು ಕಥೆ ಕಟ್ತು ಅಂತ ನೀನೇ ಬರೆದುಕೊಟ್ಟಿದೀಯಲ್ಲಮ್ಮ. ಅದನ್ನೇ ಮಕ್ಕಳ ಸಮಿತಿ ಮುಂದೆ ಹೇಳು, ಮುಗೀತು,” ಅಂದ.

ಇಪ್ಪತ್ತೆರಡನೇ ತಾರೀಖು ಸೋಮವಾರ ಸರ್ಕಾರದ ಆ ಮಕ್ಕಳ ಸಮಿತಿಯವರು ಕೂರುತ್ತಾರೆ. ಮಗು ಯಾರ ಹತ್ತಿರ ಇರಬೇಕೆಂದು ಅವತ್ತು ತೀರ್ಮಾನ. ಅವಳನ್ನು ಮನೆಗೆ ಕಳಿಸಿ ಎಂದು ಅವನು ಅರ್ಜಿ ಕೊಟ್ಟಿದ್ದಾನೆ. ಪ್ರೀತಿಗಲ್ಲ, ಮಗುವನ್ನು ಕಿತ್ತುಕೊಂಡರೆಂದು ನಾಲ್ಕು ಜನ ಆಡಿಕೊಳ್ಳಬಾರದು, ಅದಕ್ಕೆ. ಆ ಅರ್ಜಿಗೆ ಆಧಾರವಾಗಿ ಅವನು ಲಗತ್ತಿಸಿದ್ದು ಒಂದೇ ಕಾಗದ, ನನ್ನ ಮೂರು ಸಾಲು.

ಗುರುವಾರ ಬಾಲಮಂದಿರಕ್ಕೆ ಹೋದೆ. ಅಲ್ಲಿ ಗೇಟಿನ ಒಳಗೆ ಒಂದು ಮರದ ಬೆಂಚಿದೆ. ಮಕ್ಕಳನ್ನು ನೋಡಲು ಬಂದವರು ಅದರ ಮೇಲೆ ಕಾಯಬೇಕು. ನಮ್ಮಲ್ಲೂ ಅಂಥದೇ ಬೆಂಚಿತ್ತು, ಅದರ ಮೇಲೆ ಯಾರ್‍ಯಾರನ್ನು ಎಷ್ಟೆಷ್ಟು ಹೊತ್ತು ಕಾಯಿಸಿದ್ದೇನೋ ಲೆಕ್ಕವಿಲ್ಲ. ಪುಸ್ತಕದಲ್ಲಿ ಹೆಸರು ಬರೆದು, ಸಂಬಂಧ ಎಂಬಲ್ಲಿ ‘ಅಜ್ಜಿ’ ಎಂದು ಬರೆದೆ. ಒಂದೂವರೆ ಗಂಟೆ ಕುಳಿತೆ. ಆಯಾ ಬಂದು, ಮಗು ಇವತ್ತು ಬರುವುದಿಲ್ಲವಂತೆ ಎಂದಳು. ಒಂದು ಮಾತು ಹೇಳಿಕಳಿಸಿದ್ದಾಳೆ ಎಂದು ಸಂಕೋಚ ಪಡುತ್ತ ಹೇಳಿದಳು.

“ಹೆಸರು ನಾನು ಸರಿಯಾಗೇ ಹೇಳಿದೆ ಅಂತ ಅಜ್ಜಿಗೆ ಹೇಳಿ.”

ತಾನು ಪಾಠ ತಪ್ಪಿ ಒಪ್ಪಿಸಿದ್ದಕ್ಕೆ ಅಲ್ಲಿಗೆ ಕಳಿಸಿದ್ದಾರೆ ಎಂದುಕೊಂಡಿದ್ದಾಳೆ. ಎಂಟು ವರ್ಷದ ಮಗು. ನಾನು ಗೇಟಿನ ಹೊರಗೆ ಬಂದು ದಾರಿ ಮರೆತು, ಎದುರು ದಿಕ್ಕಿನ ಬಸ್ಸು ಹತ್ತಿ, ಕೊನೆಯ ನಿಲ್ದಾಣದವರೆಗೂ ಹೋಗಿದ್ದೆ. ಕಂಡಕ್ಟರು ಇಳಿಯಿರಿ ಎಂದ ಮೇಲೆ ಇಳಿದೆ.

ಶುಕ್ರವಾರ ಆ ಅಧಿಕಾರಿಯ ಕಚೇರಿಗೆ ಹೋಗಿ ನನ್ನ ಮೂರು ಸಾಲು ವಾಪಸು ತೆಗೆದುಕೊಂಡೆ. ಅದಕ್ಕೂ ಒಂದು ನಮೂನೆಯ ಕಾಗದವಿದೆ, ನೋಡು. ನನ್ನ ಹಾಗೆ ಮಾತು ಬದಲಿಸುವವರು ಬೇಕಾದಷ್ಟು ಜನ ಇದ್ದಾರೆಂದಾಯಿತು. ಕೈಗಡದ ಐದು ಮಕ್ಕಳ ವಿಷಯವನ್ನೂ ಬರೆದುಕೊಟ್ಟೆ. ಸಂಸ್ಥೆಯ ಮಾನ್ಯತೆ ಸದ್ಯಕ್ಕೆ ತಡೆದಿದ್ದಾರೆ. ನನ್ನ ಕುರ್ಚಿಯಲ್ಲಿ ಈಗ ಸರ್ಕಾರದವರೊಬ್ಬರು ಕೂರುತ್ತಾರೆ. ಮೂವತ್ತೊಂದು ಮಕ್ಕಳೂ ಅಲ್ಲೇ ಇದ್ದಾರೆ, ಚೆದುರಿಸಿಲ್ಲ. ಇಷ್ಟು ವರ್ಷ ನಾನು ಹೆದರಿದ್ದು ಯಾವುದಕ್ಕೆ ಎಂದು ಯೋಚಿಸುತ್ತೇನೆ. ಕಾರ್ಯದರ್ಶಿ ಮನೆಗೇ ಬಂದು, ಮೂವತ್ತು ವರ್ಷದ ಹೆಸರನ್ನು ಮಣ್ಣುಪಾಲು ಮಾಡಿದಿರಿ, ಮಗುವಿನ ಮಾತು ಕೇಳಿಕೊಂಡು ಮಗನನ್ನು ಜೈಲಿಗೆ ಹಾಕಿಸುತ್ತೀರಾ ಎಂದು ಕೂಗಿ ಹೋದರು. ನಿಮ್ಮ ಮೊಮ್ಮಗಳ ಬೆನ್ನಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ಕಾರ್ಯದರ್ಶಿ ಬಂದಾಗ ಅವನು ಮನೆಯಲ್ಲಿರಲಿಲ್ಲ, ನನ್ನ ಮಗನಿಗೆ ಇದಿನ್ನೂ ತಿಳಿದಿಲ್ಲ. ಸೋಮವಾರ ಸಮಿತಿಯ ಮುಂದೆ ತಿಳಿಯುತ್ತದೆ.

ನೀನು ಬರಬೇಕು. ಇಪ್ಪತ್ತೆರಡಕ್ಕೆ ಬೆಳಿಗ್ಗೆ ಹತ್ತು ಗಂಟೆಗೆ, ಕಚೇರಿಯ ವಿಳಾಸ ಪ್ರತ್ಯೇಕ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಮಗುವಿನ ಜನನ ಪತ್ರ ನನ್ನ ಹತ್ತಿರವಿದೆ, ತರುತ್ತೇನೆ. ನೀನು ಕೆಲಸ ಮಾಡುವ ಆಸ್ಪತ್ರೆಯಿಂದ ಒಂದು ಕಾಗದ ತೆಗೆದುಕೊಂಡು ಬಾ, ಮನೆಯ ಬಾಡಿಗೆ ಕರಾರನ್ನೂ ತಾ. ತಾಯಿ ಬಂದು ನಿಂತು ಕೇಳಿದರೆ ಮಗುವನ್ನು ಅವಳಿಗೇ ಕೊಡುವ ಸಾಧ್ಯತೆ ಹೆಚ್ಚು ಎಂದು ಆ ಅಧಿಕಾರಿಯೇ ಹೇಳಿದಳು. ತಾಯಿ ಬರದಿದ್ದರೆ, ತಂದೆಯ ಅರ್ಜಿ ಒಂದೇ ಉಳಿಯುತ್ತದೆ. ನಮ್ಮ ಮನೆಯಲ್ಲಿ ಇಳಿದುಕೊಳ್ಳಬೇಡ. ಮೇಲ್ವಿಚಾರಕಿ ತನ್ನ ಮನೆಯಲ್ಲಿ ಜಾಗ ಮಾಡಿದ್ದಾಳೆ, ಬಸ್ಸಿಗೂ ಅವಳೇ ಬರುತ್ತಾಳೆ.

ನೀನು ಮನೆ ಬಿಟ್ಟ ದಿನ ನನಗೆ ತೋಳಿನ ಬಾಸುಂಡೆ ತೋರಿಸಿದ್ದೆ. ಎಲ್ಲರ ಮನೆಯಲ್ಲೂ ಇದ್ದದ್ದೇ, ಸಹಿಸಿಕೊಳ್ಳಬೇಕು ಎಂದು ನಾನು ಹೇಳಿದ್ದೆ. ನೀನು ಮಗುವನ್ನು ಎತ್ತಿಕೊಳ್ಳಲು ಬಂದಾಗ, ಹೋಗುವವಳು ಹೋಗು, ಮಗು ಈ ಮನೆಯದು ಎಂದು ಅವಳ ರಟ್ಟೆ ಹಿಡಿದುಕೊಂಡಿದ್ದವಳು ನಾನು. ಮಗು ಬೇಕೆಂದು ನೀನು ಹಾಕಿದ ಅರ್ಜಿ ಎರಡು ವರ್ಷದಿಂದ ಕೋರ್ಟಿನಲ್ಲಿ ಕೂತಿರುವುದಕ್ಕೂ ಅಲ್ಲಿ ನಾನು ಹೇಳಿಸಿದ ಮಾತೇ ಕಾರಣ. ಇವೆಲ್ಲ ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಅವನು ಮಗುವಿನ ಮೇಲೆ ಕೈ ಮಾಡುತ್ತಾನೆಂದು ನನಗೆ ಗೊತ್ತಿರಲಿಲ್ಲ. ಒಂದೇ ಸೂರಿನಡಿ ಇದ್ದೂ ಗೊತ್ತಿರಲಿಲ್ಲ. ಇಷ್ಟನ್ನು ನೀನು ನಂಬಬೇಕು.

ಮೈ ಕಡೆ ನೋಡಿಕೋ. ಆಸ್ಪತ್ರೆಯ ಕೆಲಸದಲ್ಲಿ ಹೊತ್ತು ಹೊತ್ತಿಗೆ ಊಟ ಮಾಡು. ನಿನಗೆ ನಿನ್ನ ಮಗಳು ಸಿಗಲಿ, ಅವಳ ಜೊತೆ ನೂರು ವರ್ಷ ನೆಮ್ಮದಿಯಾಗಿ ಬಾಳು. ಈ ಹಾರೈಕೆ ನನ್ನಿಂದ ನಿನಗೆ ಬೇಡವೆನ್ನಿಸಿದರೂ ಇಟ್ಟುಕೋ.

ಇಂತಿ,
ನಿನ್ನ ಅತ್ತೆ

ತಾ.ಕ. – ಸೋಮವಾರ, ಹದಿನೈದನೇ ತಾರೀಖು, ಬೆಳಿಗ್ಗೆ. ಅಂಟು ಹಚ್ಚುವ ಮೊದಲು ಒಂದು ಸಲ ಓದಿದೆ. ನನಗೆ ಗೊತ್ತಿರಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಅದನ್ನು ಹೊಡೆದುಹಾಕಿಲ್ಲ. ಎರಡು ವಾರದಿಂದ ಎಲ್ಲರಿಗೂ, ನನಗೂ, ಅದನ್ನೇ ಹೇಳಿಕೊಂಡು ಬಂದಿದ್ದೇನೆ, ಕೈ ತಾನಾಗಿ ಬರೆದುಬಿಟ್ಟಿತು.

ಶುಕ್ರವಾರ ಹೇಳಿಕೆ ವಾಪಸು ತೆಗೆದುಕೊಳ್ಳುವಾಗ, ಮಗು ಹೇಳಿದ್ದೆಲ್ಲವನ್ನೂ ಓದಿ ಸಹಿ ಮಾಡಬೇಕು ಎಂದರು. ಆ ಅಧಿಕಾರಿ ಹುಡುಗಿ ಮೊದಲ ದಿನ ನನಗೆ ಓದಿ ಹೇಳದೆ ಬಿಟ್ಟಿದ್ದ ಒಂದು ಪ್ರಶ್ನೆ ಅದರಲ್ಲಿತ್ತು. ಯಾಕೆ ಬಿಟ್ಟಳೋ, ನನ್ನ ವಯಸ್ಸು ನೋಡಿರಬೇಕು. ಅಪ್ಪ ಹೊಡೆಯುವುದು ಮನೆಯಲ್ಲಿ ಯಾರಿಗಾದರೂ ಗೊತ್ತಾ ಎಂದು ಕೇಳಿದ್ದಾರೆ. ಬಟಾಣಿ ಹೇಳಿದ್ದು ಇಷ್ಟು: “ಅಜ್ಜಿಗೆ ಗೊತ್ತು. ಅಪ್ಪ ಬಾಗಿಲು ಹಾಕಿದ ತಕ್ಷಣ ಅಜ್ಜಿ ರೇಡಿಯೋ ಜೋರು ಮಾಡ್ತಾರೆ. ಹಾಡು ಮುಗಿಯೋ ಹೊತ್ತಿಗೆ ಅಪ್ಪಾನೂ ನಿಲ್ಲಿಸ್ತಾರೆ.”

ನಿಜ. ನಾನು ರೇಡಿಯೋ ಜೋರು ಮಾಡುತ್ತಿದ್ದೆ.

ಬರುವಾಗ ಈ ಪತ್ರವನ್ನು ತೆಗೆದುಕೊಂಡು ಬಾ. ಮಗ ಎದುರಿಗೆ ನಿಂತಾಗ ನನಗೆ ಬಾಯಿ ಬಾರದೆ ಹೋಗಬಹುದು, ನನ್ನ ಮೇಲೆ ನನಗೆ ಭರವಸೆಯಿಲ್ಲ. ಆಗ ಇದನ್ನು ಸಮಿತಿಯವರ ಕೈಗೆ ಕೊಡು. ಗಟ್ಟಿಯಾಗಿ ಓದಲು ಹೇಳು. ಅಕ್ಷರ ನನ್ನದೇ ಎಂದು ಒಪ್ಪಿಕೊಳ್ಳುವಷ್ಟಾದರೂ ಮಾಡುತ್ತೇನೆ.